ಯಿನ್ ಯೋಗ: ಮಂಡಿ, ಸೊಂಟ ಕೆಡಿಸಿಕೊಳ್ಳದೆ ಮಾಡುವುದು ಹೇಗೆ

ನಿಧಾನವಾಗಿ ಮಾಡಿದರೆ ಏನೂ ಆಗುವುದಿಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಯಿನ್ ಯೋಗದ ಮಟ್ಟಿಗೆ ಅದು ಅರ್ಧ ಮಾತ್ರ ನಿಜ. ಇಲ್ಲಿ ಬೆವರಿಲ್ಲ, ಜಿಗಿತವಿಲ್ಲ, ಸೂರ್ಯನಮಸ್ಕಾರದ ಎಣಿಕೆಯಿಲ್ಲ. ನೆಲದ ಮೇಲೆ ಒಂದು ಭಂಗಿಗೆ ಹೋಗಿ, ಸ್ನಾಯುಗಳನ್ನು ಸಡಿಲ ಬಿಟ್ಟು, 3ರಿಂದ 5 ನಿಮಿಷ ಅಲ್ಲೇ ಇರುವುದು, ಅಷ್ಟೇ. ಆದರೆ ಸ್ನಾಯು ಕೈಬಿಟ್ಟಾಗ ಮೈಭಾರ ಎಲ್ಲಿ ಹೋಗಿ ಕೂರುತ್ತದೆ ಅಂತ ಯೋಚಿಸಿ. ಕೀಲಿನ ಮೇಲೆ, ಮೂಳೆಗೆ ಮೂಳೆ ಕಟ್ಟಿಹಿಡಿಯುವ ಲಿಗಮೆಂಟ್ ಮೇಲೆ, ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಮೇಲೆ. ಯಿನ್ ಯೋಗ ಬಯಸುವುದೂ ಅದನ್ನೇ, ಹದವಾಗಿ. ಹದ ತಪ್ಪಿದರೆ ಕಷ್ಟ. ತಪ್ಪು ಜಾಗದಲ್ಲಿ 10 ಸೆಕೆಂಡ್ ಎಳೆದರೆ ಮೈ ಸುಮ್ನೆ ಬಿಟ್ಟುಬಿಡುತ್ತದೆ. ಅದೇ ಜಾಗದಲ್ಲಿ 5 ನಿಮಿಷ ಎಳೆದರೆ ಮಾರನೇ ದಿನ ಮೆಟ್ಟಿಲು ಇಳಿಯುವಾಗ ಲೆಕ್ಕ ಕೇಳುತ್ತದೆ.

ಇದು ನಮ್ಮ ಹಳೆಯ ಪದ್ಧತಿ ಅಂತ ಕೆಲವರು ಹೇಳುತ್ತಾರೆ, ಹಾಗಲ್ಲ. ಈ ರೂಪ ಬಂದಿದ್ದು ಅಮೆರಿಕದಿಂದ. 1970ರ ದಶಕದ ಕೊನೆಯ ಹೊತ್ತಿಗೆ ಪೌಲಿ ಜಿಂಕ್ ಎಂಬ ಸಮರಕಲೆಯ ಶಿಕ್ಷಕರು ಚೀನಾದ ದಾವೋ ಪರಂಪರೆಯ ಅಭ್ಯಾಸಗಳನ್ನು ಅಲ್ಲಿ ಕಲಿಸುತ್ತಿದ್ದರು. ಅವರ ಹತ್ತಿರ ಕಲಿತ ಪಾಲ್ ಗ್ರಿಲೀ ಅದಕ್ಕೆ ಅಂಗರಚನೆಯ ಪಾಠ ಸೇರಿಸಿದರು. ಯಿನ್ ಎಂಬ ಹೆಸರು ನಿಂತಿದ್ದು ಸಾರಾ ಪವರ್ಸ್ ಎಂಬ ಯೋಗ ಶಿಕ್ಷಕಿಯಿಂದ. ಆದರೆ ಆಸನಗಳಲ್ಲಿ ಮುಕ್ಕಾಲು ನಮಗೆ ಹಳೇ ಪರಿಚಯವೇ. ಅಂಗಾಲು ಜೋಡಿಸಿ ಕೂರುವ ಚಿಟ್ಟೆ ಅಂದರೆ ಬದ್ಧಕೋನಾಸನದ ತಂಗಿ, ಮರಿಹುಳು ಅಂದರೆ ಪಶ್ಚಿಮೋತ್ತಾನಾಸನ, ಸ್ಯಾಡಲ್ ಅಂದರೆ ಸುಪ್ತವೀರಾಸನ. ವ್ಯತ್ಯಾಸ ಇರುವುದು ಮಾಡುವ ರೀತಿಯಲ್ಲಿ. ಅಲ್ಲಿ ಸ್ನಾಯು ಬಿಗಿದು ನೇರ ಮಾಡುತ್ತೀರಿ, ಇಲ್ಲಿ ಬಿಟ್ಟುಕೊಡುತ್ತೀರಿ.

ಲಿವರ್ ಮೆರಿಡಿಯನ್, ಕಿಡ್ನಿ ಮೆರಿಡಿಯನ್ ಅಂತೆಲ್ಲ ಈ ತರಗತಿಗಳಲ್ಲಿ ಕೇಳಿರುತ್ತೀರಿ, ಮೈಯಲ್ಲಿ ಶಕ್ತಿ ಹರಿಯುವ ದಾರಿಗಳು ಅಂತ ಚೀನೀ ವೈದ್ಯ ಹೇಳುವುದು ಇವನ್ನೇ. ನಂಬುವವರು ನಂಬಲಿ. ಆದರೆ ಲಿವರ್ ತೊಂದರೆಗೆ ಚಿಟ್ಟೆ ಭಂಗಿ ಔಷಧಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮೊದಲು ಆಕಾರವನ್ನು ಮರೆಯಿರಿ

ಚಿಟ್ಟೆ ಭಂಗಿಯಲ್ಲಿ ಇಬ್ಬರನ್ನು ಅಕ್ಕಪಕ್ಕ ಕೂರಿಸಿ ನೋಡಿ. ಒಬ್ಬಳು ಇಪ್ಪತ್ತೈದರ ಹುಡುಗಿ, ಸಣಕಲು, ದಿನಾ ಜಿಮ್‌ಗೆ ಹೋಗುವವಳು. ಅವಳ ಮಂಡಿಗಳು ಎದೆಯ ಮಟ್ಟಕ್ಕೆ ಮೇಲೇ ನಿಂತಿರುತ್ತವೆ, ಕೈಯಿಂದ ಒತ್ತಿದರೂ ಇಳಿಯುವುದಿಲ್ಲ. ಪಕ್ಕದಲ್ಲಿ ಐವತ್ತೈದರ ದಪ್ಪ ಮೈಯ ಅತ್ತೆ. ಕೂತ ತಕ್ಷಣ ಎರಡೂ ಮಂಡಿ ಚಾಪೆಗೆ ತಾಗುತ್ತವೆ, ಅವರಿಗೆ ಎಲ್ಲೂ ಏನೂ ಎಳೆದ ಹಾಗೇ ಅನ್ನಿಸುವುದಿಲ್ಲ. ಹುಡುಗಿಗೆ ಬೇಜಾರು, ಅತ್ತೆಗೆ ಹೆಮ್ಮೆ. ಎರಡಕ್ಕೂ ಅರ್ಥವಿಲ್ಲ. ತೊಡೆಮೂಳೆಯ ಗುಂಡು ತಲೆ ಸೊಂಟದ ಬಟ್ಟಲಿನಲ್ಲಿ ಕೂತಿರುತ್ತದೆ. ಆ ಬಟ್ಟಲು ಕೆಲವರಿಗೆ ಸ್ವಲ್ಪ ಮುಂದಕ್ಕೆ, ಕೆಲವರಿಗೆ ಪಕ್ಕಕ್ಕೆ ತಿರುಗಿರುತ್ತದೆ. ತೊಡೆಮೂಳೆಯ ಕತ್ತಿನ ಉದ್ದ, ಓರೆ, ತಿರುವು ಎಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ. ಮೂಳೆಗೆ ಮೂಳೆ ತಾಗಿದ ಮೇಲೆ ಎಷ್ಟು ವರ್ಷ ಅಭ್ಯಾಸ ಮಾಡಿದರೂ ಅದು ಅಲ್ಲಿಗೇ ನಿಲ್ಲುತ್ತದೆ. ಹುಡುಗಿ ಸೋಮಾರಿಯಲ್ಲ, ಅತ್ತೆ ಯೋಗಿನಿಯೂ ಅಲ್ಲ. ಮೂಳೆ ಬೇರೆ, ಅಷ್ಟೇ.

ಹಾಗಾಗಿ ಪ್ರತಿ ಭಂಗಿಯಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿ ಎಳೆಯುತ್ತಿದೆ? ಚಿಟ್ಟೆ ಮಾಡುವುದು ಒಳತೊಡೆಗೆ ಮತ್ತು ಬೆನ್ನಿನ ಕೆಳಭಾಗಕ್ಕೆ. ಅಲ್ಲಿ ಮಂದವಾದ, ಹರಡಿಕೊಂಡ ಎಳೆತ ಬಂತಾ? ಬಂದಿದ್ದರೆ ನಿಮ್ಮ ಚಿಟ್ಟೆ ಸರಿಯಾಗಿದೆ, ಫೋಟೋದಲ್ಲಿ ಹೇಗೆ ಕಾಣುತ್ತದೋ ಬಿಡಿ.

ಎಳೆತದಲ್ಲೂ ಒಳ್ಳೆಯದು ಕೆಟ್ಟದ್ದು ಇದೆ. ಮಾಂಸದ ನಡುವಿನಲ್ಲಿ, ಬೊಟ್ಟು ಮಾಡಿ ತೋರಿಸಲಾಗದ ಹಾಗೆ ಹರಡಿದ ಎಳೆತ ಒಳ್ಳೆಯದು. ಚುಚ್ಚುವುದು, ಉರಿ, ಕರೆಂಟ್ ಹೊಡೆದ ಹಾಗೆ ಕಾಲುದ್ದಕ್ಕೂ ಇಳಿಯುವುದು, ಜೋಮು ಹಿಡಿಯುವುದು, ಕೀಲಿನ ಒಳಗೇ ನೋಯುವುದು, ಇವೆಲ್ಲ ಈಗಲೇ ಹೊರಗೆ ಬನ್ನಿ ಅಂತ ಹೇಳುವ ಗುರುತುಗಳು. ಇನ್ನೊಂದು ಇದೆ, ತೊಡೆಸಂದಿನ ಮುಂಭಾಗದಲ್ಲಿ ಏನೋ ಸಿಕ್ಕಿಕೊಂಡು ಒತ್ತಿದ ಹಾಗೆ ಆಗುವುದು. ಅದು ಎಳೆತವಲ್ಲ, ಒತ್ತಡ. ಕಾದು ಕೂತರೆ ಸಡಿಲವಾಗುವ ಸಂಗತಿ ಅದಲ್ಲ. ಮಂಡಿಯನ್ನು ಸ್ವಲ್ಪ ಹೊರಗೆ ಸರಿಸಿ, ಇಲ್ಲವೇ ಬಗ್ಗುವುದನ್ನು ಕಡಿಮೆ ಮಾಡಿ.

ಎಷ್ಟು ಎಳೆಯಬೇಕು? ಹತ್ತಕ್ಕೆ ನಾಲ್ಕೋ ಐದೋ ಸಾಕು, ಅದೂ ಶುರುವಿನಲ್ಲಿ. ಒಂದು ನಿಮಿಷ ಕಳೆದ ಮೇಲೆ ಅದೇ ಭಂಗಿ ಆರೋ ಏಳೋ ಆಗುತ್ತದೆ. ಆರಂಭದಲ್ಲೇ ಎಂಟಕ್ಕೆ ಹೋದರೆ ನೀವು ಹಲ್ಲು ಕಚ್ಚಿಕೊಂಡು ನಿಮಿಷ ಎಣಿಸುತ್ತೀರಿ. ಉಸಿರು ಕಟ್ಟುತ್ತಿದೆ, ಹುಬ್ಬು ಗಂಟಿಕ್ಕಿದೆ ಅಂದರೆ ಒಂದು ಅಂಗುಲ ಹಿಂದೆ ಬನ್ನಿ. ಯಾರೂ ನೋಡುತ್ತಿಲ್ಲ.

ಸಾಮಾನು ಮನೆಯಲ್ಲೇ ಇದೆ

ಆಸರೆಗೆ ದಿಂಬು, ಇಟ್ಟಿಗೆ ಬಳಸುವುದು ಕೈಲಾಗದವರ ಕೆಲಸ ಅಂತ ಅಂದುಕೊಂಡವರಿಗೆ ಒಂದು ಮಾತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಹತ್ತಿರ ಕಲಿತು, ಪುಣೆಗೆ ಹೋಗಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಲೋಡು, ಕುರ್ಚಿಗಳನ್ನು ಆಸನಕ್ಕೆ ತಂದು ಜಗತ್ತಿಗೇ ಕಲಿಸಿದರು. ಇವತ್ತು ಯಿನ್ ತರಗತಿಗಳಲ್ಲಿ ಕಾಣುವ ದಿಂಬು, ಬ್ಲಾಕುಗಳ ಹಿಂದೆ ಅವರ ಕೆಲಸವೂ ಇದೆ. ನೀವು ಲೋಡು ಬಳಸಿದರೆ ಯಾವ ಮಾನವೂ ಹೋಗುವುದಿಲ್ಲ.

ಬೇಕಾಗಿರುವುದು ಎರಡು ದಪ್ಪ ಕಂಬಳಿ, ಒಂದು ಲೋಡು, ಎರಡು ಮೂರು ದಿಂಬು, ಒಂದು ಕುರ್ಚಿ, ಒಂದು ಪಂಚೆ ಅಥವಾ ದುಪಟ್ಟಾ, ಒಂದಷ್ಟು ಗೋಡೆ. ಲೋಡು ಇಲ್ಲದಿದ್ದರೆ ಜಮಖಾನವನ್ನು ಬಿಗಿಯಾಗಿ ಸುತ್ತಿ ಎರಡು ಕಡೆ ದಾರ ಕಟ್ಟಿ. ಬ್ಲಾಕ್ ಬದಲು ಊಟದ ಮಣೆ ಅಥವಾ ದಪ್ಪ ನಿಘಂಟು ಆದೀತು. ಒಂದು ಮಾತು ನೆನಪಿರಲಿ, ಈಗಿನ ಫೈಬರ್ ದಿಂಬುಗಳು ಎರಡು ನಿಮಿಷಕ್ಕೆ ಕುಸಿಯುತ್ತವೆ, ಅವು ಕುಸಿದ ಹಾಗೆ ನೀವೂ ಗೊತ್ತಾಗದೆ ಆಳಕ್ಕೆ ಹೋಗಿಬಿಡುತ್ತೀರಿ. ಹತ್ತಿ ತುಂಬಿದ ಹಳೇ ದಿಂಬು ಅಥವಾ ಮಡಿಸಿದ ಕಂಬಳಿ ವಾಸಿ.

ಊಟವಾಗಿ ಮೂರು ಗಂಟೆ ಬಿಡಿ. ಮುದ್ದೆ ಉಂಡು ಮರಿಹುಳು ಮಾಡುವುದು ಆಗದ ಮಾತು. ಫ್ಯಾನ್ ಕಡಿಮೆ ಮಾಡಿ, ಅಲ್ಲಾಡದೆ ಇರುವಾಗ ಮೈ ಬೇಗ ತಣ್ಣಗಾಗುತ್ತದೆ, ಬೆನ್ನ ಮೇಲೆ ಒಂದು ಶಾಲು ಇರಲಿ. ಫೋನ್‌ನಲ್ಲಿ ಟೈಮರ್ ಇಟ್ಟು ಮುಖ ಕೆಳಗೆ ಮಾಡಿ ಇಡಿ. ಮೊದಲ ಕೆಲವು ವಾರ ಒಂದು, ಎರಡು ನಿಮಿಷ ಸಾಕು, ಆಮೇಲೆ ಮೂರು. ಐದಕ್ಕೆ ಅವಸರವಿಲ್ಲ. ಬೆಳಗ್ಗೆ ಎದ್ದ ಕೂಡಲೇ ಮುಂದೆ ಬಗ್ಗುವ ಭಂಗಿ ಬೇಡ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಒಂದು ಗಂಟೆಯಾದರೂ ಓಡಾಡಿ, ಅಥವಾ ಸಂಜೆಗೆ ಇಟ್ಟುಕೊಳ್ಳಿ.

ಚಿಟ್ಟೆ

ಮಡಿಸಿದ ಕಂಬಳಿಯ ಅಂಚಿನಲ್ಲಿ ಕೂರಿ, ನಡುವಿನಲ್ಲಿ ಅಲ್ಲ. ಅಂಚಿನಲ್ಲಿ ಕೂತರೆ ಸೊಂಟ ತಾನಾಗಿ ಮುಂದಕ್ಕೆ ವಾಲುತ್ತದೆ. ಅಂಗಾಲುಗಳನ್ನು ಜೋಡಿಸಿ, ತೊಡೆಸಂದಿನಿಂದ ಸುಮಾರು ಒಂದು ಮೊಳ ದೂರಕ್ಕೆ ತಳ್ಳಿ. ಪಾದ ಹತ್ತಿರ ಎಳೆದುಕೊಂಡಷ್ಟೂ ಮಂಡಿಗೆ ಕೆಲಸ ಜಾಸ್ತಿ, ದೂರ ಇದ್ದಷ್ಟೂ ಬೆನ್ನಿಗೆ. ಮಂಡಿ ಗಾಳಿಯಲ್ಲಿ ತೂಗುತ್ತಿದ್ದರೆ ಎರಡರ ಕೆಳಗೂ ದಿಂಬು ಇಡಿ, ತೊಡೆ ಪೂರ್ತಿ ಭಾರ ಬಿಡುವಷ್ಟು ಎತ್ತರಕ್ಕೆ. ಆಮೇಲೆ ಸೊಂಟದಿಂದ ಮುಂದಕ್ಕೆ ಬಾಗಿ. ಬೆನ್ನು ಆರೋಗ್ಯವಾಗಿದ್ದರೆ ಗುಂಡಗಾದರೂ ಪರವಾಗಿಲ್ಲ, ಯಿನ್‌ನಲ್ಲಿ ಅದಕ್ಕೆ ರಿಯಾಯಿತಿ ಇದೆ. ತಲೆಯನ್ನು ಮಾತ್ರ ತೂಗಲು ಬಿಡಬೇಡಿ. ಲೋಡಿನ ಮೇಲೆ, ದಿಂಬಿನ ರಾಶಿ ಮೇಲೆ ಹಣೆ ಇಡಿ. ಕುತ್ತಿಗೆಯ ಮೂಳೆ ಸವೆದು ಸ್ಪಾಂಡಿಲೋಸಿಸ್ ಆದವರು ಇದನ್ನು ಮರೆಯಲೇಬಾರದು.

ಹೊಟ್ಟೆ ಅಡ್ಡ ಬರುತ್ತಿದೆಯಾ? ಪಾದ ಇನ್ನೂ ಮುಂದೆ ತಳ್ಳಿ, ಎದುರಿಗೆ ಕುರ್ಚಿ ಇಟ್ಟು ಸೀಟಿನ ಮೇಲೆ ಕೈ ಮಡಿಸಿ ಹಣೆ ಊರಿ. ಹೊಟ್ಟೆಗೆ ಜಾಗ ಸಿಕ್ಕರೆ ಉಸಿರಿಗೂ ಜಾಗ ಸಿಗುತ್ತದೆ. ಅಂಥ ಮೈಯವರನ್ನು ಇನ್ನೂ ಬಗ್ಗಿ ಬಗ್ಗಿ ಅಂತ ಬೆನ್ನು ಒತ್ತುವ ಶಿಕ್ಷಕರಿದ್ದಾರೆ, ನನಗೆ ಅದನ್ನು ಕಂಡರೆ ಆಗುವುದಿಲ್ಲ. ಯಿನ್‌ನಲ್ಲಿ ಭಾರ ಹಾಕುವುದು ಭೂಮಿಯ ಕೆಲಸ, ಶಿಕ್ಷಕರದ್ದಲ್ಲ. ಮುಟ್ಟಬೇಡಿ ಅಂತ ಮೊದಲೇ ಹೇಳಿಬಿಡಿ, ಸಂಕೋಚ ಬೇಡ.

ಡಿಸ್ಕ್ ಜಾರಿದವರು, ಸಯಾಟಿಕಾ ಅಂದರೆ ಸೊಂಟದಿಂದ ಕಾಲುದ್ದಕ್ಕೂ ಇಳಿಯುವ ನರದ ನೋವು ಇರುವವರು, ಆಸ್ಟಿಯೊಪೊರೋಸಿಸ್ ಆಗಿ ಮೂಳೆ ತೆಳುವಾಗಿದೆ ಅಂತ ವೈದ್ಯರು ಹೇಳಿದವರು ಕೂತು ಬಗ್ಗುವುದನ್ನು ಬಿಟ್ಟು, ಬೆನ್ನ ಮೇಲೆ ಮಲಗಿ ಅಂಗಾಲು ಜೋಡಿಸಿ. ಎರಡೂ ತೊಡೆಯ ಹೊರಗಡೆ ದಿಂಬು ಇರಲಿ. ಒಳತೊಡೆಗೆ ಸಿಗಬೇಕಾದ್ದೆಲ್ಲ ಇಲ್ಲೇ ಸಿಗುತ್ತದೆ. ಮೂಳೆ ತೆಳುವಾದಾಗ ಬೆನ್ನು ಗುಂಡಗೆ ಮಾಡಿ ಭಾರ ಬಿಟ್ಟರೆ ಬೆನ್ನುಮೂಳೆಯ ಮಣಿಗಳು ಮುಂಭಾಗದಲ್ಲಿ ಅಮುಕಿ ಬಿರುಕು ಬಿಡುವ ಅಪಾಯ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಎದ್ದೇಳುವಾಗ ಕೈಯನ್ನು ಮಂಡಿಯ ಕೆಳಗೆ ಕೊಟ್ಟು ಕಾಲನ್ನು ಎತ್ತಿಯೇ ಜೋಡಿಸಿ. ಅಷ್ಟು ಹೊತ್ತು ಸಡಿಲವಾಗಿದ್ದ ಕೀಲಿಗೆ ಒಮ್ಮೆಲೇ ಕೆಲಸ ಕೊಡಬಾರದು.

ಮಲಗಿದ ಹಂಸ: ಮಂಡಿ ಕೆಡುವ ಭಂಗಿ

ಹಂಸ ಎಲ್ಲರಿಗೂ ಇಷ್ಟ, ಇನ್‌ಸ್ಟಾಗ್ರಾಮಿಗೂ ಇಷ್ಟ. ನನಗೆ ಅತಿ ಜಾಸ್ತಿ ಭಯ ಇರುವುದೂ ಇದರ ಮೇಲೇ. ಒಂದು ಕಾಲು ಮುಂದೆ ಮಡಿಸಿ ಅಡ್ಡಲಾಗಿ, ಇನ್ನೊಂದು ಕಾಲು ಹಿಂದಕ್ಕೆ ನೇರವಾಗಿ, ಮೈ ಮುಂದಕ್ಕೆ ಬಾಗಿ ಮಲಗುವುದು. ಎಳೆಯಬೇಕಾದ್ದು ಮುಂದಿನ ಕಾಲಿನ ಕಡೆಯ ಪೃಷ್ಠದ ಹೊರಭಾಗ. ತೊಡೆಮೂಳೆ ಸೊಂಟದ ಬಟ್ಟಲಿನಲ್ಲಿ ಚೆನ್ನಾಗಿ ಹೊರಕ್ಕೆ ತಿರುಗಬೇಕು, ಆಗಲೇ ಇದು ಆಗುವುದು. ಅದು ತಿರುಗದಿದ್ದರೆ ಆ ತಿರುಚು ಎಲ್ಲಿಗೆ ಹೋಗುತ್ತದೆ? ಕೆಳಗಿನ ಕೀಲಿಗೆ. ಮಂಡಿಯಾದರೋ ಬಾಗಿಲ ತಿರುಗಣೆಯ ಹಾಗೆ, ಮಡಚಲು ತೆರೆಯಲು ಮಾಡಿದ್ದು, ಪಕ್ಕಕ್ಕೆ ತಿರುಚಿದರೆ ತಡೆಯುವುದಿಲ್ಲ. ಒಳಗಿರುವ ಮೆನಿಸ್ಕಸ್ ಅನ್ನುವ ಮೆತ್ತೆ ಮೊದಲು ಏಟು ತಿನ್ನುತ್ತದೆ.

ಮಾಡಲೇಬೇಕು ಅಂದರೆ ಹೀಗೆ ಮಾಡಿ. ಕೈ ಮತ್ತು ಮಂಡಿ ಊರಿ ನಿಲ್ಲಿ. ಬಲಮಂಡಿಯನ್ನು ಬಲ ಮಣಿಕಟ್ಟಿನ ಹಿಂದಕ್ಕೆ ತನ್ನಿ. ಪಾದವನ್ನು ಎಡ ತೊಡೆಸಂದಿನ ಹತ್ತಿರ ಇಡಿ, ಮುಂಗಾಲು ಚಾಪೆಯ ಮುಂದಿನ ಅಂಚಿಗೆ ಸಮಾನಾಂತರ ಆಗಬೇಕು ಅನ್ನುವ ಹಠ ಬೇಡ. ಹಿಮ್ಮಡಿ ಒಳಗೆ ಬಂದಷ್ಟೂ ಮಂಡಿಗೆ ಸುಖ. ಈಗ ಎಡಗಾಲು ಹಿಂದೆ ಜಾರಿಸಿ. ಇಲ್ಲಿ ಒಂದು ಕ್ಷಣ ನಿಂತು ನೋಡಿ, ಬಲ ಪೃಷ್ಠ ಮತ್ತು ನೆಲದ ನಡುವೆ ಸಂದು ಇದೆ, ಅಲ್ವಾ? ಬಹುತೇಕ ಎಲ್ಲರಿಗೂ ಇರುತ್ತದೆ. ಆ ಸಂದಿಗೆ ಕಂಬಳಿ ತುರುಕಿ, ಕೈ ಎತ್ತಿದರೂ ಪಕ್ಕಕ್ಕೆ ಉರುಳದಷ್ಟು. ಸಂದು ತುಂಬಿದ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ಮಂಡಿಯ ಹೊರಗಡೆ ಬಿಗಿಯುತ್ತಿದ್ದದ್ದು ಬಿಟ್ಟು, ಎಳೆತ ಮೇಲಕ್ಕೆ ಪೃಷ್ಠದೊಳಕ್ಕೆ ಸರಿಯುತ್ತದೆ. ಸರಿಯದಿದ್ದರೆ ಇನ್ನೊಂದು ಮಡಿಕೆ ಸೇರಿಸಿ. ಆಗಲೂ ಮಂಡಿ ಮಾತಾಡುತ್ತಿದ್ದರೆ ಈ ಭಂಗಿ ನಿಮ್ಮದಲ್ಲ, ಬಿಟ್ಟುಬಿಡಿ. ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ, ಯಾಕೆಂದರೆ ಮಲಗಿ ಮಾಡುವ ರೂಪ ಇದೆ.

ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ ಪಾದ ನೆಲಕ್ಕೆ ಊರಿ. ಬಲ ಕಣಕಾಲನ್ನು ಎಡತೊಡೆಯ ಮೇಲೆ, ಮಂಡಿಗಿಂತ ತುಸು ಮೇಲೆ ಇಡಿ. ಅಲ್ಲೇ ಎಳೆತ ಬಂದರೆ ಅಲ್ಲೇ ಇರಿ. ಬರದಿದ್ದರೆ ಎಡತೊಡೆಯ ಹಿಂದೆ ಪಂಚೆ ಹಾಕಿ ಎದೆಯ ಕಡೆಗೆ ಎಳೆದುಕೊಳ್ಳಿ. ಅಥವಾ ಎಡಪಾದವನ್ನು ಗೋಡೆಗೆ ಊರಿ, ಕೈಗೂ ವಿಶ್ರಾಂತಿ. ತಲೆ ಹಿಂದಕ್ಕೆ ಬಾಗುತ್ತಿದ್ದರೆ ಕೆಳಗೆ ಮಡಿಸಿದ ಟವೆಲ್ ಇಡಿ. ಹಂಸ ಕೊಡುವುದನ್ನೆಲ್ಲ ಇದು ಕೊಡುತ್ತದೆ, ಮೈಭಾರ ಮಾತ್ರ ಮಂಡಿಯ ಮೇಲೆ ಬೀಳುವುದಿಲ್ಲ. ನನ್ನನ್ನು ಕೇಳಿದರೆ ನಲವತ್ತು ದಾಟಿದವರು, ಸ್ಥೂಲ ಮೈಯವರು, ಹಿಂದೆ ಯಾವಾಗಲಾದರೂ ಮಂಡಿ ಉಳುಕಿಸಿಕೊಂಡವರು ಸೀದಾ ಇದಕ್ಕೇ ಬರುವುದು ಒಳ್ಳೆಯದು. ಕುರ್ಚಿಯ ಮೇಲೆ ಕೂತು ಕಣಕಾಲನ್ನು ಇನ್ನೊಂದು ತೊಡೆ ಮೇಲೆ ಇಟ್ಟರೂ ಅದೇ ಭಂಗಿ, ಆಫೀಸಿನಲ್ಲೇ ಮಾಡಬಹುದು.

ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ ಬೇರೆ ನಿಯಮ. ಶಸ್ತ್ರಚಿಕಿತ್ಸೆ ಹಿಂದಿನಿಂದ ಮಾಡಿದ್ದಾರೋ ಮುಂದಿನಿಂದ ಮಾಡಿದ್ದಾರೋ ಅನ್ನುವುದರ ಮೇಲೆ ಯಾವ ಕಡೆಗೆ ಕಾಲು ಹೋಗಬಾರದು ಅನ್ನುವುದು ಬದಲಾಗುತ್ತದೆ. ಇದನ್ನು ನಿಮ್ಮ ಸರ್ಜನ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ, ಅವರು ಒಪ್ಪುವ ತನಕ ಸೊಂಟದ ಭಂಗಿ ಯಾವುದೂ ಬೇಡ.

ಸ್ಫಿಂಕ್ಸ್

ದಿನವಿಡೀ ಲ್ಯಾಪ್‌ಟಾಪ್ ಮುಂದೆ ಬಗ್ಗಿದವರಿಗೆ ಇದಕ್ಕಿಂತ ಒಳ್ಳೆಯದು ಕಾಣೆ. ಹೊಟ್ಟೆಯ ಮೇಲೆ ಮಲಗಿ, ಮೊಣಕೈಗಳನ್ನು ಭುಜಕ್ಕಿಂತ ಸ್ವಲ್ಪ ಮುಂದೆ ಊರಿ, ಎದೆ ಎತ್ತಿ. ಬೆನ್ನಿನ ಕೆಳಭಾಗದಲ್ಲಿ ಹದವಾಗಿ ಒತ್ತಿದ ಹಾಗೆ ಅನ್ನಿಸಬೇಕು. ಚುಚ್ಚಿದರೆ ಮೊಣಕೈ ಇನ್ನೂ ಮುಂದೆ ಸರಿಸಿ, ಎದೆ ಕೆಳಗೆ ಬರುತ್ತದೆ. ಆಗಲೂ ಆಗದಿದ್ದರೆ ಎದೆಯ ಕೆಳಗೆ ಲೋಡು ಹಾಕಿ ಅದರ ಮೇಲೆ ಒರಗಿ. ಭುಜಗಳು ಕಿವಿಗೆ ಏರಿ ಕೂರುತ್ತವೆ, ನಡುನಡುವೆ ನೋಡಿಕೊಳ್ಳಿ. ಎದೆಯ ಭಾರ ಜಾಸ್ತಿ ಇರುವ ಹೆಂಗಸರಿಗೆ ಹೊಟ್ಟೆಯ ಕೆಳಗೆ ಮಡಿಸಿದ ಕಂಬಳಿ ಇಟ್ಟರೆ ಉಸಿರು ಸರಾಗ. ಬಸುರಿಯರು ಹೊಟ್ಟೆಯ ಮೇಲೆ ಮಲಗುವ ಯಾವ ಭಂಗಿಯನ್ನೂ ಮಾಡುವುದು ಬೇಡ.

ಬೆನ್ನು ನೋವು ಎಂಬುದು ಒಂದೇ ಕಾಯಿಲೆಯಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಡಿಸ್ಕ್ ತೊಂದರೆ ಇರುವ ಅನೇಕರಿಗೆ ಬಗ್ಗಿದರೆ ನೋವು, ಹಿಂದಕ್ಕೆ ಬಾಗಿದರೆ ಹಿತ. ಅವರಿಗೆ ಸ್ಫಿಂಕ್ಸ್ ಒಗ್ಗುತ್ತದೆ. ವಯಸ್ಸಾಗಿ ಬೆನ್ನುಮೂಳೆಯ ಕಾಲುವೆ ಕಿರಿದಾದವರಿಗೆ ಉಲ್ಟಾ, ನಿಂತರೆ ನಡೆದರೆ ಕಾಲು ಸೋಲುತ್ತದೆ, ಬಗ್ಗಿ ಕೂತರೆ ಆರಾಮ. ಅವರಿಗೆ ಸ್ಫಿಂಕ್ಸ್ ಬೇಡ, ಮಂಡಿಯೂರಿ ಮುಂದಕ್ಕೆ ಒರಗುವ ಮಗುವಿನ ಭಂಗಿ ಸರಿ. ಬೆನ್ನುಮೂಳೆಯ ಒಂದು ಮಣಿ ಮುಂದಕ್ಕೆ ಸರಿದಿದೆ ಅಂತ ಎಕ್ಸ್‌ರೇಯಲ್ಲಿ ಬಂದವರಿಗೂ ಹಿಂದಕ್ಕೆ ಬಾಗುವುದು ಸಾಮಾನ್ಯವಾಗಿ ಆಗಿಬರುವುದಿಲ್ಲ. ಗೆಳತಿಯ ಬೆನ್ನಿಗೆ ವಾಸಿಯಾಯಿತು ಅಂತ ಅವಳ ಆಸನ ನೀವು ಮಾಡಬೇಡಿ.

ಕಾಲು ಚಾಚಿ ಬಗ್ಗುವವು

ಮರಿಹುಳುವಿನಲ್ಲಿ ಎರಡೂ ಕಾಲು ಜೋಡಿಸಿ ಚಾಚುವುದು, ಡ್ರಾಗನ್‌ಫ್ಲೈನಲ್ಲಿ ಅಗಲಿಸಿ ಚಾಚುವುದು, ಎರಡರಲ್ಲೂ ಮುಂದಕ್ಕೆ ಬಾಗುವುದು. ಕಂಬಳಿಯ ಅಂಚಿನಲ್ಲಿ ಕೂರಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿ ಸ್ವಲ್ಪ ಬಾಗಿರಲಿ. ಕಾಲ್ಬೆರಳು ಮುಟ್ಟುವ ಆಸೆ ಬಿಡಿ. ಕಾಲು ಉದ್ದ, ಕೈ ಗಿಡ್ಡ ಇದ್ದವರಿಗೆ ಅದು ಆಗುವುದೇ ಇಲ್ಲ, ತೊಡೆ ಎಷ್ಟೇ ಸಡಿಲವಿದ್ದರೂ. ತೊಡೆಯ ಹಿಂಭಾಗದ ನಡುವಿನಲ್ಲಿ ಎಳೆದರೆ ಒಳ್ಳೆಯದು. ಕೂರುವ ಮೂಳೆಗೆ ಅಂಟಿಕೊಂಡ ಹಾಗೆ, ಒಂದೇ ಚುಕ್ಕೆಯಲ್ಲಿ ನೋಯುತ್ತಿದ್ದರೆ ಅದು ಸ್ನಾಯುವನ್ನು ಮೂಳೆಗೆ ಅಂಟಿಸುವ ಸ್ನಾಯುರಜ್ಜು, ಅದನ್ನು ಎಳೆದು ವಾಸಿ ಮಾಡಲು ಆಗುವುದಿಲ್ಲ, ಎಳೆದಷ್ಟೂ ಕೆರಳುತ್ತದೆ. ಮಂಡಿ ಇನ್ನೂ ಮಡಚಿ ಅಥವಾ ಕೆಲವು ವಾರ ಈ ಭಂಗಿಗಳನ್ನೇ ಬಿಡಿ. ಸಯಾಟಿಕಾ ಇರುವವರು ಇವನ್ನು ಕೂತು ಮಾಡುವುದು ಬೇಡ. ಗೋಡೆಯ ಹತ್ತಿರ ಮಲಗಿ ಕಾಲನ್ನು ಗೋಡೆಗೆ ಒರಗಿಸಿ, ಪೃಷ್ಠ ಗೋಡೆಯಿಂದ ಒಂದು ಗೇಣೋ ಎರಡು ಗೇಣೋ ದೂರ ಇರಲಿ. ಅದರಲ್ಲೂ ಕಾಲುದ್ದಕ್ಕೆ ಜುಮುಜುಮು ಇಳಿದರೆ ನಿಲ್ಲಿಸಿ.

ಬಿಟ್ಟರೂ ನಡೆಯುವವು

ಸ್ಯಾಡಲ್. ಹಿಮ್ಮಡಿಗಳ ನಡುವೆ ಕೂತು ಹಿಂದಕ್ಕೆ ಮಲಗುವುದು. ಮಂಡಿ ಪೂರ್ತಿ ಮಡಚಿರುತ್ತದೆ, ಮೇಲೆ ಮೈಭಾರ, ಬೆನ್ನೂ ಬಾಗಿರುತ್ತದೆ. ಚಿಕ್ಕಂದಿನಿಂದ ಹಾಗೇ ಕೂತು ಅಭ್ಯಾಸ ಇದ್ದವರಿಗೆ ಸಲೀಸು, ಉಳಿದವರಿಗೆ ಶಿಕ್ಷೆ. ತೊಡೆಯ ಮುಂಭಾಗ ಎಳೆಯುವುದೇ ಗುರಿ ತಾನೇ? ಒಂದು ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಹಿಂದಕ್ಕೆ ಮಡಚಿ, ಕಣಕಾಲಿಗೆ ದುಪಟ್ಟಾ ಸುತ್ತಿ ಹಿಡಿದುಕೊಳ್ಳಿ. ಅದೇ ಎಳೆತ, ಮಂಡಿಯ ಹಿಡಿತ ನಿಮ್ಮ ಕೈಯಲ್ಲೇ. ಸ್ನೇಲ್ ಅನ್ನುವ ಹಲಾಸನದ ಯಿನ್ ರೂಪವನ್ನಂತೂ ಮನೆಯಲ್ಲಿ ಒಬ್ಬರೇ ಮಾಡುವುದೇ ಬೇಡ ಅನ್ನುತ್ತೇನೆ, ಮೈಭಾರವೆಲ್ಲ ಕುತ್ತಿಗೆಯ ಮೇಲೆ ಐದು ನಿಮಿಷ ಯಾಕೆ ಹೊರಿಸಬೇಕು?

ಸುಲಭದವು

ಮಗುವಿನ ಭಂಗಿಯಲ್ಲಿ ಮಂಡಿ ಅಗಲಿಸಿ, ಎದೆಯ ಕೆಳಗೆ ಲೋಡು ಉದ್ದಕ್ಕೆ ಇಟ್ಟು ಅಪ್ಪಿಕೊಂಡು ಒರಗಿ. ತೊಡೆ, ಮೀನಖಂಡ ದಪ್ಪ ಇದ್ದವರಿಗೆ ಹಿಮ್ಮಡಿಯ ಮೇಲೆ ಕೂರಲು ಆಗುವುದಿಲ್ಲ, ನಡುವೆ ದಿಂಬು ಇಡಿ. ಕಣಕಾಲು ನೋಯುತ್ತಿದ್ದರೆ ಅದರ ಕೆಳಗೆ ಸುತ್ತಿದ ಟವೆಲ್. ಮಂಡಿ ಕೀಲು ಬದಲಾಯಿಸಿಕೊಂಡವರು ಮಂಡಿಯೂರುವ ಬದಲು ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ದಿಂಬಿಟ್ಟು ಒರಗಿದರೆ ಸಾಕು.

ಬನಾನಾಸನ ಅಂತ ಒಂದಿದೆ. ಹೆಸರು ಕೇಳಿ ನಗಬೇಡಿ, ವಯಸ್ಸಾದ ಅಪ್ಪ ಅಮ್ಮನಿಗೆ ಹೇಳಿಕೊಡಲು ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಹಾಸಿಗೆಯ ಮೇಲೇ ಮಾಡಬಹುದು. ಬೆನ್ನ ಮೇಲೆ ನೇರ ಮಲಗಿ. ಪೃಷ್ಠ ಇದ್ದಲ್ಲೇ ಇರಲಿ. ಎರಡೂ ಕಾಲನ್ನು ಬಲಕ್ಕೆ ಸರಿಸಿ, ಆಮೇಲೆ ತಲೆ, ಭುಜಗಳನ್ನೂ ಬಲಕ್ಕೆ ಸರಿಸಿ. ಮೈ ಬಾಳೆಹಣ್ಣಿನ ಆಕಾರಕ್ಕೆ ಬರುತ್ತದೆ, ಎಡಪಕ್ಕೆ ಉದ್ದಕ್ಕೂ ಎಳೆಯುತ್ತದೆ. ಕೈಗಳು ತಲೆಯ ಮೇಲಕ್ಕೆ ಚಾಚಿರಲಿ, ಹಾಗೆ ಹೋಗದವರು ಎದೆಯ ಮೇಲೆ ಇಟ್ಟುಕೊಳ್ಳಲಿ. ಎಡ ಪೃಷ್ಠ ಮೇಲೆದ್ದರೆ ಕಾಲು ಜಾಸ್ತಿ ಸರಿಸಿದ್ದೀರಿ ಅಂತ.

ಮಲಗಿ ತಿರುಚುವ ಭಂಗಿಯಲ್ಲಿ ಮಡಚಿದ ಮಂಡಿಗಳನ್ನು ಒಂದು ಪಕ್ಕಕ್ಕೆ ಬಿಡುತ್ತೇವಲ್ಲ, ಅವುಗಳ ಕೆಳಗೆ ಲೋಡು ಇಡಿ, ಎರಡರ ನಡುವೆಯೂ ಒಂದು ದಿಂಬು. ಎದುರು ಭುಜ ನೆಲಕ್ಕೆ ತಾಗಲೇಬೇಕು ಅಂತಿಲ್ಲ. ಮೂಳೆ ತೆಳುವಾದವರಿಗೆ ಕಾಲು ಭಾಗ ತಿರುವು ಸಾಕು, ಅದೂ ಒಂದು ನಿಮಿಷ.

ಮೈ ಬಗ್ಗುವವರಿಗೆ ಎರಡು ಮಾತು

ಬಿಗಿ ಮೈಯವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಚಿಂತೆ ಸಲೀಸಾಗಿ ಬಗ್ಗುವವರದ್ದು. ಹೆಬ್ಬೆರಳು ಮುಂಗೈಗೆ ತಾಗುತ್ತದೆ, ಮೊಣಕೈ, ಮಂಡಿ ಹಿಂದಕ್ಕೆ ಬಾಗುತ್ತದೆ, ಚಿಕ್ಕಂದಿನಲ್ಲಿ ಕೀಲು ಜಾರಿದ್ದುಂಟು ಅನ್ನುವವರು ಇದ್ದಾರೆ. ಇವರ ಲಿಗಮೆಂಟ್‌ಗಳು ಮೊದಲೇ ಸಡಿಲ. ಇವರಿಗೆ ಯಾವ ಭಂಗಿಯಲ್ಲೂ ಎಳೆತವೇ ಗೊತ್ತಾಗದೆ ಇನ್ನೂ ಆಳಕ್ಕೆ, ಇನ್ನೂ ಆಳಕ್ಕೆ ಹೋಗಿ ಕೊನೆಗೆ ಕೀಲಿನ ಮೇಲೇ ತೂಗಿಬೀಳುತ್ತಾರೆ. ಚಂದ ಕಾಣುತ್ತದೆ, ಮೆಚ್ಚುಗೆಯೂ ಸಿಗುತ್ತದೆ. ಇವರು ಹೋಗಬಲ್ಲಷ್ಟರ ಅರ್ಧಕ್ಕೆ ನಿಲ್ಲಬೇಕು, ಒಂದೆರಡು ನಿಮಿಷಕ್ಕೆ ಮುಗಿಸಬೇಕು, ಸ್ನಾಯುವನ್ನು ಪೂರ್ತಿ ಬಿಡದೆ ತುಸು ಬಿಗಿ ಇಟ್ಟುಕೊಳ್ಳಬೇಕು. ಯಿನ್‌ಗಿಂತ ಇವರಿಗೆ ಬೇಕಾದ್ದು ಬಲ ಕೊಡುವ ವ್ಯಾಯಾಮ, ಅದು ಇರಲಿ.

ಬಸುರಿಯರಿಗೂ ಸುಮಾರು ಇದೇ ಮಾತು, ಹಾರ್ಮೋನುಗಳಿಂದ ಕೀಲು ಸಡಿಲವಾಗಿರುತ್ತದೆ. ವೈದ್ಯರು ಸರಿ ಅಂದ ಮೇಲೆ, ಹೊಟ್ಟೆಗೆ ಜಾಗ ಬಿಟ್ಟು, ಆಸರೆ ಇಟ್ಟುಕೊಂಡು, ಕಡಿಮೆ ಹೊತ್ತು. ಐದು ತಿಂಗಳು ಕಳೆದ ಮೇಲೆ ಬೆನ್ನ ಮೇಲೆ ಚಪ್ಪಟೆ ಮಲಗಿ ಬಹಳ ಹೊತ್ತು ಇರುವುದು ಬೇಡ, ಎಡಮಗ್ಗುಲು ಅಥವಾ ಲೋಡಿಗೆ ಓರೆಯಾಗಿ ಒರಗಿ. ಬಾಣಂತನದ ಮೊದಲ ತಿಂಗಳುಗಳಲ್ಲೂ ಕೀಲಿನ ಬಗ್ಗೆ ಅದೇ ಎಚ್ಚರ.

ಶುಗರ್ ಹಳೆಯದಾಗಿ ಪಾದದ ಸ್ಪರ್ಶ ಕಡಿಮೆಯಾದವರಿಗೆ ಜೋಮು ಹಿಡಿದದ್ದೇ ಗೊತ್ತಾಗುವುದಿಲ್ಲ. ಅವರು ಪಾದದ ಮೇಲೆ ಭಾರ ಬೀಳುವ ಭಂಗಿ ಬಿಟ್ಟು, ಮುಗಿಸಿದ ಮೇಲೆ ಪಾದದ ಚರ್ಮ ಕೆಂಪಾಗಿದೆಯಾ ಅಂತ ಕಣ್ಣಾರೆ ನೋಡಬೇಕು. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇದ್ದವರು, ಬಿಪಿ ಹತೋಟಿಗೆ ಬಾರದವರು ತಲೆ ಎದೆಗಿಂತ ಕೆಳಗೆ ಇಳಿಯುವ ಭಂಗಿಗಳನ್ನು ಮಾಡಬಾರದು.

ಮನೆಯಲ್ಲಿ ಶುರು ಮಾಡಲು ಒಂದು ಕ್ರಮ

ಮೊದಲ ಕೆಲವು ವಾರದ ಒಂದು, ಎರಡು ನಿಮಿಷ ರೂಢಿಯಾದ ಮೇಲಿನ ಲೆಕ್ಕ ಇದು. ಸ್ಫಿಂಕ್ಸ್ 3 ನಿಮಿಷ. ಅಲ್ಲಿಂದ ಮಗುವಿನ ಭಂಗಿ 2. ಚಿಟ್ಟೆ 4. ಮಲಗಿ ಕಣಕಾಲು ತೊಡೆಯ ಮೇಲಿಡುವ ಭಂಗಿ, ಪಕ್ಕಕ್ಕೆ 3ರಂತೆ. ಬನಾನಾಸನವೂ ಪಕ್ಕಕ್ಕೆ 3. ತಿರುಚು ಪಕ್ಕಕ್ಕೆ 2. ಶವಾಸನ 5. ಒಟ್ಟು ಅರ್ಧ ಗಂಟೆ, ಆದರೆ ನಡುವಿನ ಬಿಡುವನ್ನು ನುಂಗಬೇಡಿ. ಪ್ರತಿ ಭಂಗಿಯಿಂದ ಹೊರಬಂದ ಮೇಲೆ ಅರ್ಧ ನಿಮಿಷವಾದರೂ ಸುಮ್ನೆ ಮಲಗಿ ಅಥವಾ ಮಂಡಿಯನ್ನು ಅತ್ತಿತ್ತ ಆಡಿಸಿ. ಹೊರಬಂದ ಕ್ಷಣ ಮೈ ಮುದುಕರದ್ದಾದ ಹಾಗೆ ಅನ್ನಿಸುತ್ತದೆ, ಕಾಲು ನೆಟ್ಟಗೆ ನಿಲ್ಲುವುದಿಲ್ಲ. ಗಾಬರಿ ಬೇಡ, ಹೊತ್ತು ಹಿಡಿದು ಎಳೆದ ಲಿಗಮೆಂಟ್‌ಗಳು ಮೊದಲಿನ ಉದ್ದಕ್ಕೆ ಬರಲು ಸ್ವಲ್ಪ ಸಮಯ ಬೇಕು. ಅದೇ ಕಾರಣಕ್ಕೆ ಮುಗಿಸಿದ ಕೂಡಲೇ ಸಿಲಿಂಡರ್ ಎತ್ತುವುದು, ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುವುದು, ಓಡಲು ಹೋಗುವುದು ಬೇಡ. ಹತ್ತು ನಿಮಿಷ ಮನೆಯಲ್ಲೇ ಓಡಾಡಿ.

ವಾರಕ್ಕೆ ಎರಡು ಮೂರು ಸಲ ಸಾಕು. ಮಾರನೇ ದಿನ ಮೈ ಒಂದಿಷ್ಟು ಭಾರ ಅನ್ನಿಸಿದರೆ ಸರಿ. ಕೀಲು ನೋಯುತ್ತಿದ್ದರೆ ಯಾವ ಭಂಗಿಯಿಂದ ಅಂತ ಗುರುತಿಸಿ, ಮುಂದಿನ ಸಲ ಅದರ ಸಮಯ ಅರ್ಧ ಮಾಡಿ, ಆಸರೆ ಎರಡರಷ್ಟು ಮಾಡಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟದ್ದು ಅಂತ ತಿಳಿಯುವುದಿಲ್ಲ. ಜೋಮು ಎದ್ದ ಮೇಲೂ ಹೋಗದೆ ಉಳಿದರೆ, ಕಾಲಿನ ಹೆಬ್ಬೆರಳು ಅಥವಾ ಪಾದ ಮೇಲೆತ್ತಲು ಬಲ ಸಾಲದಿದ್ದರೆ, ಮಂಡಿ ಊದಿಕೊಂಡರೆ ಅಥವಾ ಅರ್ಧಕ್ಕೆ ಸಿಕ್ಕಿಕೊಂಡ ಹಾಗೆ ಆದರೆ ವೈದ್ಯರಿಗೆ ತೋರಿಸಿ. ಬೆನ್ನು ನೋವಿನ ಜೊತೆ ತೊಡೆಸಂದಿನ ಸುತ್ತ ಮರಗಟ್ಟಿ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ನಾಳೆಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.